ಇನ್ನೂರೈವತ್ತನೆಯ ಸಹಿ

ವಕೀಲ ಮರ್ವಿನ್ ಸಹಿ ಪಟ್ಟಿಯ ಕೊನೆಯ ಹಾಳೆಯ ಒಂದು ಸಾಲಿಗೆ ಬಂದು ಬೆರಳು ನಿಲ್ಲಿಸಿದ. ಹೆಸರು ಓದಲಿಲ್ಲ. ನಕಲು ಹಾಳೆಯನ್ನು ಸುಮ್ಮನೆ ವೆರ್ನಾಳ ಕಡೆ ತಿರುಗಿಸಿದ.

ಲಮಾರ್ ಕ್ರೈಡರ್. ಮೂವತ್ತೊಂದು ವರ್ಷದಿಂದ ಅವಳ ಗಂಡ.

ಕೌಂಟಿ ಚುನಾವಣಾ ಕಚೇರಿಯ ಆ ಮೇಜಿಗೆ ಅವರು ಬೆಳಗ್ಗೆಯಿಂದ ಅಂಟಿ ಕೂತಿದ್ದರು. ದೊಡ್ಡ ಪಕ್ಷಗಳು ಎರಡು. ಅದರಲ್ಲೊಂದಕ್ಕೆ ವೆರ್ನಾ ಇಪ್ಪತ್ತೆರಡು ವರ್ಷ ಮನೆಮನೆ ಬಾಗಿಲು ತಟ್ಟಿದ್ದಳು. ಈಗ ಕೌಂಟಿ ಆಡಳಿತ ಮಂಡಳಿಯ ಕಮಿಷನರ್ ಸ್ಥಾನಕ್ಕೆ ಟಿಕೆಟ್ ಸಿಕ್ಕಿತ್ತು. ಅಷ್ಟರಲ್ಲಿ ತಿಂಡಿ ಅಂಗಡಿಯ ಟ್ರೂಡಿ ಮೂರನೆಯ ಪಕ್ಷದಿಂದ ಎದ್ದು ನಿಂತಳು. ಹೋದ ಸಲ ಆ ಪಕ್ಷ ಮುನ್ನೂರು ವೋಟು ತಿಂದಿತ್ತು. ವೆರ್ನಾಳ ಪಕ್ಷದವನು ಬರೀ ತೊಂಬತ್ತು ವೋಟಿನಿಂದ ಸೋತಿದ್ದ.

ದೊಡ್ಡವರ ಹೆಸರು ಮತಪತ್ರದಲ್ಲಿ ತಾನಾಗಿ ಬರುತ್ತದೆ. ಸಣ್ಣವರು ಇನ್ನೂರೈವತ್ತು ಮತದಾರರ ಸಹಿ ತರಬೇಕು. ಟ್ರೂಡಿ ಇನ್ನೂರ ಎಪ್ಪತ್ತೆರಡು ತಂದಿದ್ದಳು. ಮರ್ವಿನ್ ತಪ್ಪು ಹುಡುಕಿ ಹುಡುಕಿ ಇಪ್ಪತ್ತೆರಡು ಈಗಾಗಲೇ ರದ್ದಾಗಿದ್ದವು.

"ವಿಳಾಸ ನೋಡು," ಮರ್ವಿನ್ ಪಿಸುಗುಟ್ಟಿದ. "ಅಂಚೆ ಪೆಟ್ಟಿಗೆ ನಂಬರ್ ಬರ್ದಿದಾನೆ. ಮನೆ ವಿಳಾಸನೇ ಬೇಕು. ಇದೊಂದು ಹೋದ್ರೆ ಅವಳ ಕಥೆ ಮುಗೀತು."

ವೆರ್ನಾ ನೋಡಿದ್ದು ತಾರೀಖು. ಅವಳಿಗೆ ಟಿಕೆಟ್ ಘೋಷಣೆಯಾದ ದಿನ. ಬೆನ್ನುನೋವು ಎಂದು ಲಮಾರ್ ಸಭೆಗೆ ಬಂದಿರಲಿಲ್ಲ. ಟ್ರೂಡಿಯ ಅಂಗಡಿಗೆ ಹೋಗಲು ಬೆನ್ನು ನೆಟ್ಟಗಿತ್ತು! ಪೆನ್ಸಿಲು ಕಿತ್ತುಕೊಂಡು ಅವನ ಹೆಸರಿನ ಮೇಲೆ ಹಾಳೆ ಹರಿಯುವಂತೆ ಗೆರೆ ಎಳೆದಳು.

ಎದುರಿಗೆ ಕೂತಿದ್ದ ಟ್ರೂಡಿ ಆ ಗೆರೆ ನೋಡಿ ಗುಮಾಸ್ತೆ ಆರ್ಲೀನಳ ಕಡೆ ತಿರುಗಿದಳು. "ಐದು ಗಂಟೆ ಒಳಗೆ ಅವನೇ ಬಂದು ತಿದ್ದಿದ್ರೆ ನಡೆಯುತ್ತಲ್ವಾ?"

"ನಡೆಯುತ್ತೆ. ಆದ್ರೆ ವಿಳಾಸ ನೀವು ಹೇಳ್ಕೊಟ್ರೆ ಸಹಿ ರದ್ದು. ಮನೆಯವ್ರು ಹೇಳ್ಬಹುದು, ಅಷ್ಟೆ."

ಟ್ರೂಡಿ ಫೋನು ತೆಗೆದು, ಎಲ್ಲೂ ಹುಡುಕದೆ, ಲಮಾರನ ನಂಬರನ್ನು ಬಾಯಿಪಾಠದಂತೆ ಒತ್ತಿದಳು. ವೆರ್ನಾ ಪೆನ್ಸಿಲನ್ನು ಮೇಜಿಗೆ ಕುಕ್ಕಿದಳು.

ಅವನು ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಅಂಗಿಯ ತುಂಬ ಮರದ ಹೊಟ್ಟು. ಹೆಂಡತಿಯನ್ನು ನೋಡಿ ಟೋಪಿ ತೆಗೆದ.

"ಬೆನ್ನು ಹೇಗಿದೆ?" ಎಂದಳು ವೆರ್ನಾ.

"ವೆರ್ನಾ, ಇಲ್ಲಿ ಬೇಡ..."

"ಇಲ್ಲೇ ಬೇಕು. ನನ್ ಸಭೆಗೆ ಬರೋಕೆ ಆಗ್ಲಿಲ್ಲ, ಅವಳಿಗೆ ಸಹಿ ಹಾಕೋಕೆ ಕಾಲು ಬಂತಾ?"

"ಅವಳಿಗೆ ವೋಟ್ ಹಾಕ್ತೀನಿ ಅಂದ್ನಾ? ಅವಳ ಹೆಸರೂ ಇರ್ಲಿ ಅಂದೆ. ಎರಡೇ ಹೆಸರಿದ್ರೆ ಅದೇನು ಆರಿಸೋದಾ? ಯಾರನ್ನ ಬಯ್ಬೇಕು ಅಂತ ತೀರ್ಮಾನ ಮಾಡೋದು, ಅಷ್ಟೆ."

"ಹಾಗಾದ್ರೆ ವೋಟ್ ಯಾರಿಗೆ?"

"ಅದು ಪರದೆ ಹಿಂದಿನ ಮಾತು ಕಣೇ."

ಟ್ರೂಡಿಗೆ ನಗು ತಡೆಯಲಾಗಲಿಲ್ಲ. ಅವಳ ಅಂಗಡಿಯಲ್ಲಿ ಬೆಳಗಿನ ತಿಂಡಿ ತಿನ್ನುತ್ತ ಲಮಾರ್ ಈ ನಗು ಎಷ್ಟು ಸಲ ಕೇಳಿದ್ದಾನೋ!

ಆರ್ಲೀನ್ ಅಸಲು ಹಾಳೆ ಮುಂದಿಟ್ಟಳು. ಲಮಾರ್ ಪೆನ್ನು ಊರಿದ, ಬರೆಯಲಿಲ್ಲ. ಅವರ ಮನೆಯ ರಸ್ತೆಯವರ ಟಪಾಲೆಲ್ಲ ಪೇಟೆಯ ಅಂಚೆ ಕಚೇರಿಯಲ್ಲಿನ ಅವರವರ ಪೆಟ್ಟಿಗೆಗೇ ಬರುತ್ತದೆ. ಮನೆ ನಂಬರು ಆಂಬುಲೆನ್ಸಿನವರಿಗೆಂದು ಗೇಟಿಗೆ ಹೊಡೆದ ಹಲಗೆ, ಅಷ್ಟೆ.

"ವೆರ್ನಾ," ಎಂದ ಕಿವಿ ಕೆಂಪಾಗಿ, "ನಮ್ಮನೆ ನಂಬರ್ ಎಷ್ಟೇ? ಹಲಗೆ ಮೇಲೆ ನಿನ್ ಪೋಸ್ಟರ್ ಹೊಡ್ದಿದೀಯ, ಕಾಣೋದೇ ಇಲ್ಲ."

ಮರ್ವಿನ್ ಮೇಜಿನ ಕೆಳಗೆ ಅವಳ ಕಾಲು ಒತ್ತಿದ. ಐದು ಹೊಡೆಯುವವರೆಗೆ ಇನ್ನೇಳು ನಿಮಿಷ ಬಾಯಿ ಮುಚ್ಚಿಕೊಂಡರೆ ಸಾಕು. ಇಪ್ಪತ್ತೆರಡು ವರ್ಷ ಕಾದವಳಿಗೆ ಏಳು ನಿಮಿಷ ಯಾವ ಲೆಕ್ಕ! ವೆರ್ನಾ ತುಟಿ ಬಿಗಿದು ಗಡಿಯಾರ ನೋಡಿದಳು. ಆಮೇಲೆ ಟ್ರೂಡಿಯನ್ನು ನೋಡಿದಳು.

ಟ್ರೂಡಿ ಲಮಾರನನ್ನೇ ನೋಡುತ್ತಿದ್ದಳು. ದನಿಯಿಲ್ಲದೆ ಅವಳ ತುಟಿ ಅಲುಗುತ್ತಿತ್ತು. ನಾಲ್ಕು. ಒಂದು. ಅವಳಿಗೆ ಗೊತ್ತಿತ್ತು. ಗಂಡನಿಗೇ ಗೊತ್ತಿಲ್ಲದ ನಂಬರು ಅವಳಿಗೆ ಗೊತ್ತಿತ್ತು.

"ನಾಲ್ಕು ಸಾವಿರದ ನೂರ ಹದಿನೇಳು!" ವೆರ್ನಾ ಕಿರುಚಿದಳು. "ನಮ್ಮನೆ ನಂಬರ್ ನಾನ್ ಹೇಳ್ತೀನಿ. ಬರ್ಕೋ!"

ಮರ್ವಿನ್ ಕಣ್ಣು ಮುಚ್ಚಿದ. ಲಮಾರ್ ಬಗ್ಗಿ ಒಂದೊಂದೇ ಅಂಕಿ ಬರೆಯತೊಡಗಿದ. ಒರಟು ಕೈಗೆ ಹಾಳೆ ಜಾರಿ ಜಾರಿ ಹೋಗುತ್ತಿತ್ತು. ಟ್ರೂಡಿ ಕೈ ಚಾಚುವ ಮೊದಲೇ ವೆರ್ನಾ ಅದರ ಮೂಲೆಯ ಮೇಲೆ ತನ್ನ ಬೆರಳೂರಿ, ಅವನು ಬರೆದು ಮುಗಿಸುವವರೆಗೆ ಅಲುಗದಂತೆ ಹಿಡಿದಳು.