ಮಡುವಿಗೆ ಬಿದ್ದ ಲೋಟ

ನಮ್ಮ ಟಾಮ್ಸೆಟ್ ಹೊಳೆಗೆ ಕಸ ಹಾಕುವವರು ಯಾರು ಎಂದು ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಉತ್ತರ ಒಂದೇ: ದೊಡ್ಡ ಪೇಟೆ ವ್ಯಾಂಕೂವರಿನವರು. ಅಕ್ಟೋಬರ್ ಬಂತೆಂದರೆ ಸಾಲ್ಮನ್ ಮೀನು ಸಮುದ್ರದಿಂದ ಹೊಳೆ ಹತ್ತಿ ಬರುತ್ತದೆ, ಅದರ ಬೆನ್ನಿಗೇ ಹೆದ್ದಾರಿಯಲ್ಲಿ ಇವರು ಬರುತ್ತಾರೆ. ಮೀನು ಮೊಟ್ಟೆಯಿಟ್ಟು ಸಾಯುತ್ತದೆ. ಇವರು ಬಿಯರ್ ಡಬ್ಬಿ ಬಿಸಾಕಿ ಮನೆಗೆ ಹೋಗುತ್ತಾರೆ. ಇದನ್ನು ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ, ಹೇಳುವಾಗಲೆಲ್ಲ ಬಾಯಿಗೆ ಒಂದು ರುಚಿಯೂ ಇರುತ್ತಿತ್ತು.

ನನ್ನ ಹೆಸರು ಲಾರ್ನ್. ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತಿದ್ದೆ, ಈಗ ಸವೆದ ಮಂಡಿ ಇಟ್ಟುಕೊಂಡು ಮನೆಯಲ್ಲಿದ್ದೇನೆ. ಹೊಳೆಯ ದಡವೆಲ್ಲ ಕಡಿದಾದ ಬಂಡೆ. ನನ್ನ ಮಂಡಿ ಒಪ್ಪಿ ಇಳಿಯುವ ಜಾಗ ಒಂದೇ ಒಂದು, ಅಗಾಥಾ ಫ್ರೀಸನ್ ಎಂಬ ಹೈನಿನ ಮುದುಕಿಯ ಹುಲ್ಲುಗಾವಲಿನ ಗೇಟು ದಾಟಿದರೆ ಸಿಗುವ ಮಡು. ಅಲ್ಲಿ ಮೊಣಕಾಲು ನೀರಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅದರ ಮೇಲೆ ನಿಂತರೆ ಮಂಡಿ ತಕರಾರು ಮಾಡುವುದಿಲ್ಲ, ಮೀನು ಎದುರಿಗೇ ಹಾಯುತ್ತದೆ. ಆ ಗೇಟು ಮುಚ್ಚಿದರೆ ನನ್ನ ಪಾಲಿಗೆ ಹೊಳೆಯೇ ಮುಚ್ಚಿದ ಹಾಗೆ. ಹೆಂಡತಿ ತೀರಿಹೋದ ಮೇಲೆ ನನಗೆ ಬೆಳಿಗ್ಗೆ ಏಳುವುದಕ್ಕೆ ಉಳಿದಿರುವ ಕಾರಣವೇ ಆ ಕಲ್ಲು.

ನಮ್ಮ ಹೊಳೆಯಲ್ಲಿ ಎಲ್ಲಿಯೂ ಬರೆದಿಡದ ಕಾನೂನು ಒಂದಿದೆ. ನೀರಿನಲ್ಲಿ ನಿಂತವನದೇ ಜಾಗ, ಕಾಲು ಕಿತ್ತರೆ ಜಾಗ ಹೋಯಿತು. ಮೂತ್ರಕ್ಕೆ ಹೋದರೂ ಅಷ್ಟೇ, ಮಗಳ ಮದುವೆಗೆ ಹೋದರೂ ಅಷ್ಟೇ. ಸೀಸನ್ನಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿರುವಾಗ ಈ ಕಾನೂನು ಇಲ್ಲದಿದ್ದರೆ ಕೊಲೆಗಳಾಗುತ್ತಿದ್ದವು.

ಆ ಗುರುವಾರ ನಮ್ಮ ಗಾಳಗಾರರ ಕ್ಲಬ್ಬಿನ ಸಭೆ ನಡೆಯುತ್ತಿತ್ತು. ಅಧ್ಯಕ್ಷ ವಿಲ್ಫ್ ಹೂಗ್ಲಂಡ್ ಹೊಳೆಯ ಪಾವಿತ್ರ್ಯದ ಬಗ್ಗೆ ಭಾಷಣ ಬಿಗಿಯುತ್ತಿದ್ದ. ಅವನು ಭಾಷಣಕ್ಕೆ ನಿಂತರೆ ನಮ್ಮ ಕಾಫಿ ತಣ್ಣಗಾಗಿ, ಮತ್ತೆ ಬಿಸಿ ಮಾಡಿಸಿ, ಅದೂ ತಣ್ಣಗಾಗಬೇಕು. ನಡುವೆಯೇ ಬಾಗಿಲು ತಳ್ಳಿಕೊಂಡು ಅಗಾಥಾ ಬಂದಳು, ಸಗಣಿ ಮೆತ್ತಿದ ಕೊಟ್ಟಿಗೆ ಬೂಟಿನಲ್ಲೇ.

"ಕೇಳ್ರಪ್ಪಾ," ಎಂದಳು. "ಶನಿವಾರ ಸಾಯಂಕಾಲದವರೆಗೂ ನೋಡ್ತೀನಿ. ನನ್ನ ಮಡೂಲಿ ಕಸ ಕಾಣಿಸ್ತೋ, ಗೇಟಿಗೆ ಸರಪಳಿ ಬೀಳುತ್ತೆ. ಆಮೇಲೆ ಅಪ್ಪಾ ಅಮ್ಮಾ ಅಂದ್ರೂ ತೆಗೆಯೋಳಲ್ಲ ನಾನು."

"ನೂರಕ್ಕೆ ನೂರು ಸರಿ ಅಗಾಥಮ್ಮಾ," ಎಂದ ವಿಲ್ಫ್. "ಆ ವ್ಯಾಂಕೂವರಿನೋರಿಗೆ ಬುದ್ಧಿ ಕಲಿಸ್ಲೇಬೇಕು."

"ನಾನು ವ್ಯಾಂಕೂವರ್ ಅಂದ್ನಾ?"

ನಾವೆಲ್ಲ ತಲೆಯಾಡಿಸಿದೆವು. ಅಂದಳೋ ಬಿಟ್ಟಳೋ, ಅರ್ಥ ಅದೇ ತಾನೇ ಎಂದುಕೊಂಡೆವು.

ಶನಿವಾರ ಬೆಳಿಗ್ಗೆಯೇ ದಡ ಗುಡಿಸಲು ಇಳಿದೆವು. ವಿಲ್ಫ್ ಈ ಸಂದರ್ಭಕ್ಕೆಂದೇ ಕಾಗದದ ಲೋಟಗಳನ್ನು ಅಚ್ಚು ಹಾಕಿಸಿ ತಂದಿದ್ದ. ಮೇಲೊಂದು ನೆಗೆಯುವ ಮೀನು, ಕೆಳಗೆ 'ನಮ್ಮ ಹೊಳೆ ನಮ್ಮ ಹೆಮ್ಮೆ', ಅದರ ಕೆಳಗೆ ಕ್ಲಬ್ಬಿನ ಹೆಸರು. ಅದರಲ್ಲಿ ಕಾಫಿ ಕುಡಿದು ಚೀಲ ಹಿಡಿದು ಹೊರಟೆವು. ಡಬ್ಬಿ, ಡೋನಟ್ ಪೆಟ್ಟಿಗೆ, ಒಂಟಿ ಬೂಟು, ಕಾಲು ಮುರಿದ ಕುರ್ಚಿ. ಒಂದೊಂದು ಸಿಕ್ಕಾಗಲೂ ಯಾರಾದರೊಬ್ಬರು "ವ್ಯಾಂಕೂವರ್!" ಎಂದು ಕೂಗಿ ಚೀಲಕ್ಕೆ ಹಾಕುತ್ತಿದ್ದರು. ಒಂದು ಬ್ರೆಡ್ಡಿನ ಕವರಿನ ಮೇಲೆ ನಮ್ಮೂರ ದಿನಸಿ ಅಂಗಡಿಯ ಚೀಟಿಯೇ ಅಂಟಿತ್ತು. ವಿಲ್ಫ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ನೋಡಿ ಎಂಥಾ ಜನ! ಇಲ್ಲೇ ಕೊಂಡು ಇಲ್ಲೇ ಎಸೀತಾರೆ," ಎಂದ.

ದಡ ಕನ್ನಡಿಯಾಯಿತು. ಸಂಜೆಯವರೆಗೆ ಕಾವಲು ಕಾಯಬೇಕಲ್ಲ, ಸುಮ್ಮನೆ ಕಾಯುವುದೇಕೆ ಎಂದು ಗಾಳ ಹಿಡಿದು ನೀರಿಗಿಳಿದೆವು. ನಾನು ನನ್ನ ಕಲ್ಲಿನ ಮೇಲೆ. ನನ್ನ ಎಡಕ್ಕೆ ಪಕ್ಕದ ಊರು ಆಬಟ್ಸ್‌ಫರ್ಡಿನ ಪಂಜಾಬಿ ಲಾರಿ ಡ್ರೈವರ್ ತರ್ಸೇಮ್. ಮನುಷ್ಯ ಒಳ್ಳೆಯವನು, ನಾಲಿಗೆ ಮಾತ್ರ ನಾನು ಸಾಣೆ ಹಿಡಿದ ಯಾವ ಗರಗಸಕ್ಕೂ ಕಡಿಮೆಯಿಲ್ಲ. ಬಲಕ್ಕೆ ವಿಲ್ಫ್. ವಿಲ್ಫನ ಆಚೆ, ಮಡುವಿನ ಅತ್ಯುತ್ತಮ ಜಾಗದಲ್ಲಿ, ಕತ್ತಲಿರುವಾಗಲೇ ಬಂದು ನಿಂತಿದ್ದ ಒಬ್ಬ ವ್ಯಾಂಕೂವರಿನ ಹುಡುಗ. ಓವನ್ ಎಂದು ಹೆಸರು ಹೇಳಿಕೊಂಡ. ಎದೆಮಟ್ಟದ ರಬ್ಬರ್ ಪ್ಯಾಂಟು, ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ನಾವು ಅವನ ಕೈಕಾಲುಗಳ ಮೇಲೆಯೇ ಕಣ್ಣಿಟ್ಟು ಕಾಯುತ್ತಿದ್ದೆವು, ಯಾವಾಗ ಏನು ಎಸೆಯುತ್ತಾನೋ ಎಂದು.

ಮಧ್ಯಾಹ್ನದ ಹೊತ್ತಿಗೆ ಬೆಳ್ಳಿ ಮೈಯ ಕೋಹೊ ಸಾಲ್ಮನ್‌ಗಳ ದೊಡ್ಡ ಹಿಂಡು ಬಂತು. ನೀರು ಕುದಿಯತೊಡಗಿತು. ಆಗಲೇ ಮೇಲುಗಡೆಯಿಂದ ಒಂದು ಬಿಳಿ ಲೋಟ ತೇಲಿ ಬಂತು. ಬಂದಿದ್ದು ನೆಟ್ಟಗೆ ಮುಂದೆ ಹೋಗಬಾರದೇ? ದಡದಿಂದ ಮಡುವಿನ ನಡುವಿನವರೆಗೂ ಉರುಳಿ ಬಿದ್ದಿರುವ ಆಲ್ಡರ್ ಮರದ ತುದಿಯ ಸುಳಿಗೆ ಸಿಕ್ಕಿ, ಅಲ್ಲಿಯೇ ಗಿರಗಿರನೆ ತಿರುಗಲು ಶುರುಮಾಡಿತು.

ಬೇಲಿಯ ಹತ್ತಿರ ಅಗಾಥಾ ದುರ್ಬೀನು ಹಿಡಿದು ಕೂತಿದ್ದಳು.

"ಏಯ್ ವ್ಯಾಂಕೂವರ್!" ಎಂದು ವಿಲ್ಫ್ ಗದರಿದ. ಅಷ್ಟರಲ್ಲಿ ಲೋಟ ಮಗ್ಗುಲು ಬದಲಿಸಿತು. ನೆಗೆಯುವ ಮೀನು, 'ನಮ್ಮ ಹೊಳೆ ನಮ್ಮ ಹೆಮ್ಮೆ', ಕ್ಲಬ್ಬಿನ ಹೆಸರು, ಎಲ್ಲವೂ ಬಿಸಿಲಿಗೆ ಚೆನ್ನಾಗಿ ಕಂಡವು.

"ಅಧ್ಯಕ್ಷರೇ, ನಿಮ್ಮ ಹೆಮ್ಮೆ ತೇಲ್ತಾ ಇದೆ," ಎಂದ ತರ್ಸೇಮ್. "ಹೋಗಿ ಎತ್ಕೊಳಿ."

"ನಾನು ಹೋದ್ರೆ ಇಲ್ಲಿ ಶಿಸ್ತು ನೋಡ್ಕೊಳೋರು ಯಾರು? ನೀನೇ ಹೋಗೋ, ಪ್ರಾಯದೋನು."

"ನನ್ನ ಗಾಳಕ್ಕೆ ಈಗ್ತಾನೆ ಮೀನು ಮೂಸ್ತಾ ಇದೆ ಸ್ವಾಮಿ. ಲಾರ್ನಣ್ಣ ಹೋಗ್ಲಿ."

"ನನ್ನ ಮಂಡಿ," ಎಂದೆ.

"ಮಂಡಿ ಏನು ಪಾಸ್‌ಪೋರ್ಟಾ ಅಣ್ಣಾ, ಹೋದಲ್ಲೆಲ್ಲಾ ತೆಗೆದು ತೋರಿಸ್ತೀಯಲ್ಲ?"

ಸಾಲಿನುದ್ದಕ್ಕೂ ಇದೇ ಮಾತು ಹರಿದಾಡಿತು. ಒಬ್ಬನ ಬೆನ್ನು, ಇನ್ನೊಬ್ಬನ ತೂತಾದ ಪ್ಯಾಂಟು, ಮತ್ತೊಬ್ಬನಿಗೆ ಡಾಕ್ಟರು ಬೇಡ ಎಂದಿದ್ದಾರೆ. ಕಾಲು ಕಿತ್ತರೆ ಜಾಗ ಹೋಗುತ್ತದೆಂಬ ಸತ್ಯವನ್ನು ಮಾತ್ರ ಒಬ್ಬನೂ ಬಾಯಿಬಿಟ್ಟು ಹೇಳಲಿಲ್ಲ. ಲೋಟ ಅಲ್ಲೇ ಇದ್ದರೆ ಗೇಟು ಹೋಗುತ್ತದೆ, ನಾನು ತರಲು ಹೋದರೆ ಕಲ್ಲು ಹೋಗುತ್ತದೆ.

ಆಗ ನನಗೊಂದು ಉಪಾಯ ಹೊಳೆಯಿತು. ಇವತ್ತಿಗೂ ಅದು ಕೆಟ್ಟ ಉಪಾಯ ಎನ್ನಲು ಮನಸ್ಸು ಬರುವುದಿಲ್ಲ. "ಗಾಳ ಯಾಕಿದೆ ಕೈಲಿ? ಲೋಟಕ್ಕೇ ಎಸೀರಿ, ಎಳ್ಕೊಳೋಣ!" ಎಂದು ಕೂಗಿದೆ.

ನೀವು ನೋಡಬೇಕಿತ್ತು. ಸಾಲಿನಲ್ಲಿದ್ದ ಗಂಡಸರೆಲ್ಲ ಸಾಲ್ಮನ್ ಹಿಂಡನ್ನು ಕಾಲ ಬಳಿ ಬಿಟ್ಟು, ಒಂದು ಕಾಗದದ ಲೋಟಕ್ಕೆ ಗಾಳ ಬೀಸತೊಡಗಿದರು. ದಾರಕ್ಕೆ ದಾರ ಸುತ್ತಿಕೊಂಡಿತು. ವಿಲ್ಫನ ಕೊಕ್ಕೆ ತರ್ಸೇಮನ ಪೇಟಕ್ಕೆ ಬಿತ್ತು. ಗಾಳ ಮುಳುಗಲೆಂದು ದಾರಕ್ಕೆ ಕಟ್ಟುವ ಸೀಸದ ಗುಂಡುಗಳು ಆಲ್ಡರ್ ಮರಕ್ಕೆ ಸಿಕ್ಕಿಬಿದ್ದವು. ಸಿಕ್ಕ ದಾರವನ್ನು ಕಚಕ್ಕನೆ ಕತ್ತರಿಸುವುದು, ಹೊಸ ಗುಂಡು, ಹೊಸ ಕೊಕ್ಕೆ ಕಟ್ಟುವುದು, ಮತ್ತೆ ಬೀಸುವುದು. ದಿನವೂ ಮಾಡುವ ಕೆಲಸ, ಕಣ್ಣು ಮುಚ್ಚಿಕೊಂಡೂ ಮಾಡುತ್ತೇವೆ.

ಕೊನೆಗೆ ನನ್ನ ಕೊಕ್ಕೆಯೇ ಲೋಟಕ್ಕೆ ಕಚ್ಚಿತು. "ಸಿಕ್ತು!" ಎಂದು ಅರಚಿದೆ.

"ತಳಕ್ಕೆ ಚುಚ್ಚಿದೆ, ತಳಕ್ಕೆ!" ಎಂದು ತರ್ಸೇಮ್ ಹಾರಾಡಿದ. "ಬಾಯಿಗೆ ಚುಚ್ಚದೇ ಇದ್ರೆ ವಾಪಸ್ ಬಿಡ್ಬೇಕು, ಕಾನೂನು ಕಾನೂನೇ!"

"ಆ ನಿಯಮ ಮೀನಿಗೆ ಮಾತ್ರ," ಎಂದು ವಿಲ್ಫ್ ಗಂಭೀರವಾಗಿ ವಿವರಿಸತೊಡಗಿದ. "ಲೋಟದ ವಿಷಯದಲ್ಲಿ ಕ್ಲಬ್ ಇನ್ನೂ ತೀರ್ಮಾನ ತಗೊಂಡಿಲ್ಲ."

ನಗು ತಡೆಯಲಾರದೆ ನನ್ನ ಕೈ ಸಡಿಲಾಯಿತು. ಲೋಟ ಜಾರಿ ಮತ್ತೆ ಸುಳಿಗೇ ಹೋಯಿತು.

ಆಗ ಆ ವ್ಯಾಂಕೂವರಿನ ಹುಡುಗ ಓವನ್ ಗಾಳವನ್ನು ಕಂಕುಳಲ್ಲಿ ಇರುಕಿಕೊಂಡು ಎದೆಮಟ್ಟದ ನೀರಿಗೆ ನಡೆದುಹೋದ. ಲೋಟ ಎತ್ತಿದ, ಹಿಚುಕಿ ಜೇಬಿಗೆ ಹಾಕಿಕೊಂಡ, ತಿರುಗಿ ಬಂದ. ಬರುವಷ್ಟರಲ್ಲಿ ಅವನ ಜಾಗದಲ್ಲಿ ವಿಲ್ಫ್ ನಿಂತಿದ್ದ.

"ಸಾರ್, ನಾನು ಇಲ್ಲಿ ನಿಂತಿದ್ದೆ."

"ನಿಂತಿದ್ದೆ. ಸರಿಯಾಗೇ ಹೇಳ್ದೆ. ಈಗ ನಾನು ನಿಂತಿದ್ದೀನಿ."

"ಲೋಟ ತರೋಕೆ ಹೋಗಿದ್ದೆ ಸಾರ್."

"ಬಹಳ ಒಳ್ಳೇ ಕೆಲಸ ಮಾಡ್ದೆ. ಕ್ಲಬ್ಬಿನ ಪರವಾಗಿ ಧನ್ಯವಾದ," ಎಂದು ವಿಲ್ಫ್ ಗಾಳ ಬೀಸಿದ.

ನನಗೆ ನಾಚಿಕೆಯಾಯಿತು. ಆದರೆ ಬಾಯಿ ಬಿಡಲಿಲ್ಲ. ಆ ಕಾನೂನು ಸುಳ್ಳೆಂದರೆ ನನ್ನ ಕಲ್ಲಿನ ಗತಿ ಏನು?

ಅಷ್ಟು ಹೊತ್ತಿಗೆ ಅಗಾಥಾ ಬೇಲಿ ದಾಟಿ ಬಂದಿದ್ದಳು. ಕೊಟ್ಟಿಗೆ ಬೂಟಿನಲ್ಲೇ ನೀರಿಗಿಳಿದಳು.

"ಲೋಟ ತೆಗೆದಾಯ್ತು ಅಗಾಥಮ್ಮಾ!" ಎಂದು ವಿಲ್ಫ್ ಕೂಗಿ ಹೇಳಿದ.

ಅವಳು ಅವನ ಕಡೆ ನೋಡಲೂ ಇಲ್ಲ. ನೆಟ್ಟಗೆ ಆಲ್ಡರ್ ಮರದ ಬುಡದ ಹತ್ತಿರ ಹೋಗಿ, ತೋಳು ಮುಳುಗಿಸಿ, ಹಸುವಿನ ಹೊಟ್ಟೆಯಿಂದ ಕರು ಎಳೆಯುವವಳ ಹಾಗೆ ಕಾಲೂರಿ ಎಳೆದಳು. ನೈಲಾನ್ ದಾರದ ಒಂದು ದೊಡ್ಡ ಗಂಟು ಹೊರಬಂತು. ಕೊಕ್ಕೆ, ಗುಂಡು, ಪಾಚಿ, ಒಂದು ಸತ್ತ ಹಕ್ಕಿ. ಅದನ್ನು ದಡಕ್ಕೆ ಎಳೆದುಹಾಕಿ ಏದುಸಿರು ಬಿಟ್ಟಳು.

"ಹೋದ ವಾರ ನನ್ನ ಕರು ನೀರು ಕುಡಿಯೋಕೆ ಬಂದು ಇದನ್ನ ಬಾಯಿಗೆ ಹಾಕ್ಕೊಂತು. ನಾಲಿಗೆ ಸೀಳ್ಹೋಯ್ತು. ಈಗ ಬಾಟಲೀಲಿ ಹಾಲು ಕುಡಿಸ್ತಿದೀನಿ. ಕಸ ಅಂದಿದ್ದು ಇದಕ್ಕೆ ಕಣ್ರೋ. ಬೆಳಿಗ್ಗೆಯಿಂದ ನೋಡ್ತಿದೀನಿ, ಒಂದು ಲೋಟ ತೆಗೆಯೋಕೆ ಇನ್ನೊಂದು ಗಂಟು ಮಾಡಿಟ್ರಿ."

ಕತ್ತರಿಸಿದ ದಾರ ಕಸವೆಂದು, ಸತ್ಯವಾಗಿ ಹೇಳುತ್ತೇನೆ, ನಮ್ಮ ತಲೆಗೆ ಯಾವತ್ತೂ ಹೊಳೆದಿರಲಿಲ್ಲ. ಅದು ಮೀನುಗಾರಿಕೆ ಎಂದುಕೊಂಡಿದ್ದೆವು. ನಮ್ಮನ್ನೆಲ್ಲ ಕುರಿಗಳಂತೆ ಹೊರಗೆ ಅಟ್ಟಿ ಅವಳು ಗೇಟಿಗೆ ಸರಪಳಿ ಸುತ್ತಿ ಬೀಗ ಜಡಿದಳು.

"ಅಗಾಥಾ, ನನಗೆ ಬೇರೆ ದಾರಿ ಇಲ್ಲ," ಎಂದೆ. "ಈ ಗೇಟು ಹೋದ್ರೆ ನನಗೆ ಹೊಳೆ ಇಲ್ಲ."

"ನಾಳೆ ಚರ್ಚ್ ಮುಗಿದ ಮೇಲೆ ಬನ್ನಿ. ಗಾಳ ಬೇಡ, ಚೀಲ ತನ್ನಿ. ಮರ ಶುದ್ಧ ಆದ್ರೆ ಆಮೇಲೆ ಯೋಚನೆ ಮಾಡ್ತೀನಿ."

"ನನ್ನ ಮಂಡಿ..."

"ದಿನಗಟ್ಟಲೆ ನಿಲ್ಲೋ ಮಂಡಿ ಒಂದಿನ ಬಗ್ಗಲ್ವಾ?"

ಭಾನುವಾರ ಬಂದವರು ನಾಲ್ಕೇ ಜನ: ನಾನು, ತರ್ಸೇಮ್, ಫೋಟೊ ತೆಗೆದು ಮೇಲ್ವಿಚಾರಣೆ ಮಾಡಲೆಂದು ವಿಲ್ಫ್, ಮತ್ತೆ ಅಷ್ಟು ದೂರದಿಂದ ಆ ಓವನ್. ಅಗಾಥಾ ಚರ್ಚಿನ ಒಳ್ಳೆಯ ಫ್ರಾಕಿನ ಕೆಳಗೆ ಕೊಟ್ಟಿಗೆ ಬೂಟು ಹಾಕಿಕೊಂಡು ಬಂದು ನಿಂತಳು.

ಆಲ್ಡರ್ ಮರಕ್ಕೆ ಆನಿಕೊಂಡು ನಾನು ಬಗ್ಗಿ ದಾರ ಎಳೆಯತೊಡಗಿದೆ. ಮೊದಲ ಎಳೆತಕ್ಕೇ ಒಂದು ಕೆಂಪು ಗುಂಡು ಬಂತು. ಇಡೀ ಹೊಳೆಯಲ್ಲಿ ಕೆಂಪು ಗುಂಡು ಕಟ್ಟುವವನು ನಾನೊಬ್ಬನೇ. ಹೆಂಡತಿ ಬಿಟ್ಟುಹೋದ ಉಗುರುಬಣ್ಣದ ಬಾಟಲಿಗಳು ಒಣಗಿಹೋಗದಿರಲಿ ಎಂದು ನಾನೇ ಒಂದೊಂದಕ್ಕೂ ಬಳಿಯುತ್ತೇನೆ. ಯಾರಿಗೂ ಕಾಣದಂತೆ ಅದನ್ನು ರಬ್ಬರ್ ಪ್ಯಾಂಟಿನ ಎದೆಯ ಜೇಬಿಗೆ ಇಳಿಸಿದೆ. ಇನ್ನೊಂದು ಬಂತು, ಅದನ್ನೂ ಇಳಿಸಿದೆ. ಆಮೇಲೆ ಗೊಂಚಲು ಗೊಂಚಲಾಗಿ ಬಂದವು. ಬೇರೆಯವರ ಗುಂಡುಗಳೂ ಇದ್ದವು, ಆದರೆ ಸೀಸದ ಬಣ್ಣದವು ಯಾರವೆಂದು ಹೇಳುವವರಾರು? ನನ್ನವು ಮಾತ್ರ ದಾಸವಾಳದಂತೆ ಹೊಳೆಯುತ್ತಿದ್ದವು.

ಜೇಬು ತುಂಬಿ ಜೋತುಬಿತ್ತು. ಸಾಕೆನಿಸಿ ಏಳಲು ನೋಡಿದೆ, ಮಂಡಿ ಕೈಕೊಟ್ಟಿತು. ಸೀಸದ ಭಾರ ಮುಂದಕ್ಕೆಳೆಯುತ್ತಿದೆ, ಮೂಗು ನೀರಿಗೆ ತಾಗುತ್ತಿದೆ. "ಅಯ್ಯೋ, ಹಿಡ್ಕೊಳ್ರೋ!" ಎಂದೆ. ಒಂದು ಕಡೆ ಓವನ್, ಇನ್ನೊಂದು ಕಡೆ ಅಗಾಥಾ, ಪ್ಯಾಂಟಿನ ಪಟ್ಟಿ ಹಿಡಿದು ದಡಕ್ಕೆ ಎಳೆದುಕೊಂಡು ಬಂದು ಒರಗಿಸುವಾಗ ಜೇಬು ಮಗುಚಿತು. ಕೆಂಪು ಗುಂಡುಗಳೆಲ್ಲ ಕಲ್ಲುಗಳ ಮೇಲೆ ಟಣಟಣ ಉರುಳಿದವು.

"ಅಬ್ಬಾ, ಇಷ್ಟೊಂದಾ?" ಎಂದ ಓವನ್. ಪಾಪ, ಅವನಿಗೇನು ಗೊತ್ತು. "ಯಾರದು ಸಾರ್ ಇವು?"

ವಿಲ್ಫ್ ಆಕಾಶ ನೋಡಿದ. ತರ್ಸೇಮನಂಥ ತರ್ಸೇಮ್ ಕೂಡ ಬಾಯಿ ಮುಚ್ಚಿಕೊಂಡು ತನ್ನ ಬೂಟು ನೋಡಿಕೊಂಡ. ವ್ಯಾಂಕೂವರ್ ಎಂಬ ಹೆಸರು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.

"ನನ್ನವು," ಎಂದೆ.

"ಎಲ್ಲಾನೂ?" ಎಂದಳು ಅಗಾಥಾ.

"ಎಲ್ಲಾನೂ."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸಂತೆಯಲ್ಲಿ ಹೊಸ ತಳಿಯ ಹಸು ನೋಡಿದ ಹಾಗೆ. ಆಮೇಲೆ ಫ್ರಾಕಿನ ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು ನನ್ನ ಒದ್ದೆ ಅಂಗೈಯಲ್ಲಿಟ್ಟಳು.

"ಮದುವೆಯಾಗಿ ಈ ಮನೆಗೆ ಬಂದಾಗಿಂದ ಕೇಳ್ತಿದೀನಿ ಲಾರ್ನ್, ಈ ಹೊಳೆಗೆ ಕಸ ಹಾಕೋರು ಯಾರು ಅಂತ. ಬೇರೆಯೋರು ಹಾಕಿದ್ದನ್ನ ಕಂಡೋರೇ ಎಲ್ಲಾ. ಹಾಕಿದವನು ಒಬ್ಬ ಇವತ್ತು ಸಿಕ್ಕ."