ನುಣ್ಣಗಾದ ನಂಬರು

ಕಬ್ಬಿಣದ ಮೇಲೆ ಎಲ್ಲಾದರೂ ಒಂದು ಗುಳಿ, ಒಂದು ಉಬ್ಬು ಕಂಡರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಕಾರಿನ ಬಾಡಿ ಕೆಲಸದವರಲ್ಲಿ ಅಂಥ ಕೈ ಇನ್ನೊಂದಿಲ್ಲವೆಂದು ಎಲ್ಲರೂ ಒಪ್ಪುತ್ತಿದ್ದರು. ಒಪ್ಪಿ, ಬೆನ್ನ ಹಿಂದೆ ‘ನುಣ್ಣಪ್ಪ’ ಎಂದು ಕರೆದು ನಗುತ್ತಿದ್ದರು. ನಗಲಿ ಬಿಡಿ. ಆದರೆ ಆ ಕೈಯೇ ಅವನನ್ನು ಹೀಗೆ ಕಟ್ಟಿಹಾಕೀತೆಂದು ಯಾರಿಗೆ ಗೊತ್ತಿತ್ತು?

ಮನೆಯ ಕೆಳಗಿನ ಕೋಣೆ ಮೊದಲು ಅವನ ಅಕ್ಕನದು. ಬೀದಿಗೆ ತೆರೆಯುವ ಅಗಲವಾದ ಬಾಗಿಲು. ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುವುದೇ ಅವಳ ಕಸುಬು. ತಮ್ಮನು ತುಕ್ಕು ಹಿಡಿದ ಹಳೇ ಕಾಲದ ಕಾರೊಂದನ್ನು ಕೊಂಡು ತಂದು, ಎಲ್ಲಿಡುವುದೆಂದು ತಿಳಿಯದೆ ಬೀದಿಯಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತಿದ್ದಾಗ, "ಇಲ್ಲೇ ನಿಲ್ಲಿಸ್ಕೊಳೋ. ನಂಗೆ ಮೇಲ್ಗಡೇನೇ ಗಾಳಿ ಚೆನ್ನಾಗಿ ಬರುತ್ತೆ" ಎಂದು ಅವಳೇ ಹಾಸಿಗೆ ಸುತ್ತಿಕೊಂಡು ಮಹಡಿ ಹತ್ತಿದಳು. ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮೂಳೆ ಕೂಡಿತು, ಮೆಟ್ಟಿಲು ಇಳಿಯುವ ಶಕ್ತಿ ಮಾತ್ರ ಬರಲಿಲ್ಲ. ಹೊತ್ತು ತರೋಣವೆಂದರೆ ತಂದು ಮಲಗಿಸುವುದೆಲ್ಲಿ? ಕಾರು ಗೋಡೆಯಿಂದ ಗೋಡೆಗೆ ತುಂಬಿಕೊಂಡಿತ್ತು. ಅವನೇ ಹೊಟ್ಟೆ ಒಳಗೆಳೆದುಕೊಂಡು ಅಡ್ಡಡ್ಡ ನುಸುಳಬೇಕಿತ್ತು. ಮಹಡಿಯ ಕಿಟಕಿಯಿಂದ ಅಕ್ಕನಿಗೆ ಕಾಣುತ್ತಿದ್ದದ್ದು ಎದುರುಮನೆಯ ನೀರಿನ ಟ್ಯಾಂಕು, ಅಷ್ಟೆ.

"ಕಾರು ಮಾರಿದ ದಿನವೇ ನಿನ್ನ ಕೆಳಗೆ ಕರ್ಕೊಂಡ್ ಬರ್ತೀನಕ್ಕ" ಎಂದು ಮಾತು ಕೊಟ್ಟಿದ್ದ.

ಅಂತೂ ಕಾರು ಮದುಮಗನ ಹಾಗೆ ತಯಾರಾಯಿತು. ಹಳೇ ಕಾರುಗಳ ಹುಚ್ಚಿದ್ದ ಹಲ್ಲಿನ ಡಾಕ್ಟರೊಬ್ಬರು ಕೊಳ್ಳಲು ಒಪ್ಪಿದರು. ಮಾಲೀಕರ ಹೆಸರು ಬದಲಾಯಿಸುವುದೊಂದು ಬಾಕಿ. ಅದಕ್ಕಾಗಿ ಸಾರಿಗೆ ಕಚೇರಿಯ ಇನ್ಸ್‌ಪೆಕ್ಟರು ಬಂದರು, ಬಾನೆಟ್ಟು ಎತ್ತಿಸಿದರು, ಕಾಗದದಲ್ಲಿದ್ದ ಚಾಸಿಸ್ ನಂಬರನ್ನು, ಕಂಪನಿಯವರು ಕೊರೆದಿರುವ ಕಬ್ಬಿಣದ ಮೇಲೆ ಹುಡುಕತೊಡಗಿದರು. ಟಾರ್ಚು ಬಿಟ್ಟರು. ಬೆರಳಾಡಿಸಿದರು.

"ನಂಬರ್ ಎಲ್ಲಯ್ಯಾ?"

ನುಣ್ಣಪ್ಪನೂ ಬಗ್ಗಿ ನೋಡಿದ. ಆ ಜಾಗವನ್ನು ತುಕ್ಕು ತಿಂದು ಹುಳುಕು ಹಲ್ಲಿನಂತೆ ಮಾಡಿತ್ತು. ಅದರ ನಡುವೆ ಅರ್ಧಂಬರ್ಧ ಅಂಕಿಗಳು ಕಂಡಿದ್ದೂ ನಿಜ. ನಂಬರು ಹೇಗೂ ಕಾಗದದಲ್ಲಿದೆಯಲ್ಲ, ಇಲ್ಲೇಕೆ ಈ ಗುಳಿಗಳೆಂದು ಉಜ್ಜಿ, ಬೆಸುಗೆ ತುಂಬಿ, ಉಪ್ಪುಕಾಗದದಲ್ಲಿ ತೀಡಿ, ಬಣ್ಣ ಹೊಡೆದು ಕನ್ನಡಿ ಮಾಡಿದ್ದ. ಬೇರೆ ಯಾವ ಸೋಮಾರಿಯಾಗಿದ್ದರೂ ಬಾನೆಟ್ಟಿನಡಿ ಯಾರು ನೋಡುತ್ತಾರೆಂದು ಬಿಟ್ಟುಬಿಡುತ್ತಿದ್ದ, ಬದುಕಿಕೊಳ್ಳುತ್ತಿದ್ದ!

"ತುಕ್ಕು ತಿಂದಿತ್ತು ಸಾರ್... ನುಣ್ಣಗೆ ಮಾಡಿದೆ."

"ಕದ್ದ ಗಾಡಿಗೂ ಹಿಂಗೇ ನುಣ್ಣಗೆ ಮಾಡ್ತಾರಪ್ಪಾ. ನಾನು ಹೆಂಗೆ ನಂಬಲಿ?"

"ಅದೇ ನಂಬರನ್ನ ಮತ್ತೆ ಕೊರೆಸಿಬಿಡ್ತೀನಿ."

"ಕಾರು ಮಾಡಿದ ಕಂಪನಿಯಿಂದ ಒಂದು ಪತ್ರ ತಗೊಂಡ್ ಬಾ, ಕೊರೆಸೋಣ."

"ಆ ಕಂಪನಿ ಬಾಗಿಲು ಹಾಕಿ ಯಾವ ಕಾಲ ಆಯ್ತು ಸಾರ್!"

"ಅದಕ್ಕೆ ನಾನೇನು ಮಾಡ್ಲಿ, ಹೇಳು?" ಇನ್ಸ್‌ಪೆಕ್ಟರೇನೂ ಕೆಟ್ಟವರಲ್ಲ, ಅವರ ಮುಖವೂ ಸಣ್ಣಗಾಗಿತ್ತು. "ಪತ್ರ ಇಲ್ದೆ ರಸ್ತೆಗೆ ಇಳಿಸಬೇಡ. ಕಳ್ಳಮಾಲು ಅಂತ ಎಳ್ಕೊಂಡು ಹೋಗ್ತಾರೆ, ಜೊತೆಗೆ ನಿನ್ನನ್ನೂ."

ಡಾಕ್ಟರು ಕೈ ಮುಗಿದು ಹಿಂದೆ ಸರಿದರು. ತಾತ್ಕಾಲಿಕವಾಗಿಯಾದರೂ ಇಟ್ಟುಕೊಳ್ಳಿರೆಂದು ನುಣ್ಣಪ್ಪ ಶೆಡ್ಡು ಶೆಡ್ಡು ಅಲೆದ; ಇಲ್ಲದ ತಲೆನೋವು ನಮಗೇಕೆಂದು ಎಲ್ಲರೂ ಜಾರಿಕೊಂಡರು. ಕೊನೆಗೆ ಹಲ್ಲು ಕಚ್ಚಿಕೊಂಡು ಗುಜರಿಯವನನ್ನು ಕೇಳಿದರೆ, ಅವನೂ, "ತುಂಡು ಕಬ್ಬಿಣ ಎಷ್ಟಾದ್ರೂ ತಾ. ಇಡೀ ಕಾರಾದ್ರೆ ನಂಬರ್ ಬೇಕು" ಎಂದ. ಮಾರುವ ಹಾಗಿಲ್ಲ, ಓಡಿಸುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. ಎಂಥ ಗ್ರಹಚಾರ!

ಮೇಲೆ ಹೋಗಿ ಅಕ್ಕನಿಗೆ ಎಲ್ಲವನ್ನೂ ಹೇಳಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೇಳಿದಳು.

"ಹೋಗ್ಲಿ ಬಿಡೋ" ಎಂದಳು ಕೊನೆಗೆ. "ನಂಗೇನು, ಅಭ್ಯಾಸ ಆಗ್ಹೋಗಿದೆ. ಟ್ಯಾಂಕಿನ ಮೇಲೊಂದು ಕಾಗೆ ಬರುತ್ತೆ, ಅದನ್ನೇ ಮಾತಾಡಿಸ್ಕೊಂಡು ಇರ್ತೀನಿ."

ಎಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ನಗುವನ್ನು ತಡೆದುಕೊಳ್ಳಲಾಗಲಿಲ್ಲ. ದಡದಡ ಕೆಳಗಿಳಿದು ಗ್ಯಾಸ್ ಕಟರ್ ಹೊತ್ತಿಸಿದ.

ಮೊದಲು ಮೇಲ್ಛಾವಣಿ. ಬಣ್ಣ ಬೊಬ್ಬೆಯೆದ್ದು ಕರಕಲಾಗಿ, ಕೋಣೆಯಲ್ಲಿ ಹೊಗೆ ತುಂಬಿತು.

"ಏಯ್! ಏನೋ ಮಾಡ್ತಿದೀಯ?" ಮೇಲಿಂದ ಅಕ್ಕ ಊರುಗೋಲಿನಿಂದ ನೆಲ ಕುಟ್ಟತೊಡಗಿದಳು. "ನಿಲ್ಸೋ! ನನ್ನಾಣೆ, ನಿಲ್ಸೋ!"

ನಿಲ್ಲಿಸಲಿಲ್ಲ. ಕಣ್ಣಿನ ಕಪ್ಪು ಕನ್ನಡಕದೊಳಗೆ ನೀರು ತುಂಬಿ, ಎಲ್ಲಿ ಕತ್ತರಿಸುತ್ತಿದ್ದೇನೆಂಬುದೂ ಕಾಣುತ್ತಿರಲಿಲ್ಲ. ಬಾಗಿಲು, ಬಾನೆಟ್ಟು, ಮಡ್‌ಗಾರ್ಡು, ಕೈಗೆ ಸಿಕ್ಕಿದ್ದನ್ನೆಲ್ಲ ಅಡ್ಡಾದಿಡ್ಡಿ ಕೊಯ್ದ. ಜನ್ಮದಲ್ಲಿ ಅವನು ಅಷ್ಟು ಕೆಟ್ಟ ಕೆಲಸ ಮಾಡಿರಲಿಲ್ಲ. ಗುಜರಿಯವನು ಒಂದು ಮಾತೂ ಕೇಳದೆ ಎಲ್ಲವನ್ನೂ ತುಂಬಿಕೊಂಡು ಹೋದ.

ನೆಲ ತೊಳೆದು, ಮಂಚ ಹಾಕಿ, ಅಕ್ಕನನ್ನು ಬೆನ್ನ ಮೇಲೆ ಹೊತ್ತು ತಂದ. ಇಳಿಯುವಾಗ ದಾರಿಯುದ್ದಕ್ಕೂ ಅವಳು "ಹುಚ್ಚ, ಹುಚ್ಚಮುಂಡೇದೇ" ಎಂದು ಅವನ ಭುಜಕ್ಕೆ ಗುದ್ದುತ್ತ ಅತ್ತಳು. ಮಂಚದಲ್ಲಿ ಕೂತದ್ದೇ ಬಾಗಿಲು ಪೂರ್ತಿ ತೆಗೆಸಿದಳು. ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನು ಸೈಕಲ್ ನಿಲ್ಲಿಸಿ, "ಅಯ್ಯೋ ಅಕ್ಕೋರೆ, ಎಲ್ಲಿ ಮಾಯ ಆಗಿದ್ರಿ?" ಎಂದ. ಮಾತು ಶುರುವಾಯಿತು.

ದಿಂಬು ತರುತ್ತೇನೆಂದು ನುಣ್ಣಪ್ಪ ಮಹಡಿಗೆ ಬಂದ. ದಿಂಬು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟ.

"ದಿಂಬು ತರೋಕೆ ಹೋದೋನು ಅಲ್ಲೇ ಬೇರು ಬಿಟ್ಯೇನೋ?" ಅಕ್ಕ ಕೆಳಗಿನಿಂದ ಕೂಗಿದಳು. "ಬಾರೋ ಕೆಳಗೆ!"

"ಬಂದೆ ಅಕ್ಕಾ" ಎಂದ. ಕಾರಿಲ್ಲದ ಆ ಕೋಣೆಗೆ ಇಳಿಯಲು ಅವನಿಗೆ ಕಾಲೇ ಬರಲಿಲ್ಲ.