ಪ್ರಯಾಣಿಕರ ಒಪ್ಪಿಗೆಯ ಮೇರೆಗೆ

‘ಕತ್ತರಿ, ಒಂದು. ಪ್ರಯಾಣಿಕರ ಒಪ್ಪಿಗೆಯ ಮೇರೆಗೆ ತ್ಯಜಿಸಲಾಗಿದೆ.’

ಅಂಗೈ ಅಗಲದ ಆ ಹಳದಿ ಚೀಟಿಯನ್ನು ಎಡಚಿ ಮೂರು ಸಲ ಓದಿದಳು. ಕೆಳಗೆ ಗಂಡನ ಸಹಿ ಇತ್ತು. ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತನಾಗಿ ಹಾಕಿ ಹಾಕಿ ಪಳಗಿದ, ಕೊನೆಯಲ್ಲಿ ಬಾಲ ಸುತ್ತಿಕೊಂಡ ಸಹಿ. ಎರಡನೆಯ ವಿಮಾನ ಎಷ್ಟು ಹೊತ್ತಿಗೆಂದು ಇನ್ನೊಮ್ಮೆ ನೋಡಲು ಪಾಸ್‌ಪೋರ್ಟಿನ ಚೀಲಕ್ಕೆ ಕೈ ಹಾಕಿದವಳಿಗೆ ಸಿಕ್ಕಿದ್ದು ಇದು. ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಗಂಡ ಬಾಯಿ ತೆರೆದುಕೊಂಡು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡೇ, ನಿದ್ದೆ ಹೋಗಿದ್ದ.

ಅವಳು ಕೈಚೀಲ ತೆಗೆದು ಮಡಿಲಲ್ಲಿಟ್ಟುಕೊಂಡು ತಳದವರೆಗೂ ತಡಕಿದಳು. ಹಲ್ಲುಜ್ಜುವ ಬ್ರಷ್ಷು, ಗಂಡನ ಮಾತ್ರೆ, ಅರ್ಧ ತಿಂದ ಬ್ರೆಡ್ಡು. ಎಲ್ಲಕ್ಕಿಂತ ಕೆಳಗೆ, ನಾಲ್ಕು ಮಡಿಕೆ ಮಾಡಿ ಒತ್ತಿಟ್ಟ ಬೂದುಬಣ್ಣದ ಫ್ಲಾನೆಲ್ ಚೀಲ. ಕತ್ತರಿಗೆಂದು ಅವಳೇ ಹೊಲಿದ ಚೀಲ ಅದು. ಅದನ್ನು ದೊಡ್ಡ ಸೂಟ್‌ಕೇಸಿನ ನಟ್ಟನಡುವೆ, ಸ್ವೆಟರುಗಳ ಒಳಗೆ, ಮಗುವನ್ನು ಮಲಗಿಸಿದ ಹಾಗೆ ಇಟ್ಟಿದ್ದಳು. ಈಗ ಅದು ಇಲ್ಲಿತ್ತು, ಖಾಲಿಯಾಗಿ.

ಹದಿನಾಲ್ಕು ಗಂಟೆ ಬಸ್ಸು, ಆರು ಗಂಟೆ ವಿಮಾನ, ಈ ಕಾಯುವ ಕೋಣೆಯಲ್ಲಿ ಎರಡು ಗಂಟೆ. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಅಚ್ಚೊತ್ತಿತ್ತು. ಅಲ್ಲಿಯವರೆಗೂ ಅವಳಿಗೆ ಇದ್ದದ್ದು ಬರೀ ದಣಿವು. ಈಗ ದಣಿವೆಲ್ಲ ಎಲ್ಲಿಗೆ ಹೋಯಿತೋ, ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು.

"ರೀ. ಏಳಿ."

"ಹಾಂ? ಕರೆದ್ರಾ? ಬಾಗಿಲು ತೆಗೆದ್ರಾ?"

"ಇನ್ನೂ ಒಂಬತ್ತು ಗಂಟೆ ಇದೆ. ಇದೇನು?"

ಗಂಡ ಜೇಬು ತಡಕಿ ಕನ್ನಡಕ ಹಾಕಿಕೊಂಡ. ಚೀಟಿಯನ್ನು ಓದುವವನಂತೆ ತುಂಬ ಹೊತ್ತು ಹಿಡಿದುಕೊಂಡಿದ್ದ. "ಓ, ಇದಾ. ಹೇಳೋಣಾಂತಲೇ ಇದ್ದೆ ಕಣೇ."

"ಯಾವಾಗ?"

"ದಾರೀಲಿ ನಿನ್ನ ಮನಸ್ಸು ಯಾಕೆ ಕೆಡಿಸ್ಲಿ ಅಂತ..."

ಮೊದಲ ವಿಮಾನ ಹತ್ತಿದ ನಿಲ್ದಾಣದಲ್ಲಿ ಅವಳು ಮುಖ ತೊಳೆಯಲು ಹೋದಾಗ ಶುರುವಾದದ್ದಂತೆ. ಸೂಟ್‌ಕೇಸು ಮುಕ್ಕಾಲು ಕಿಲೋ ಹೆಚ್ಚು ತೂಗಿತು. ಏನಾದರೂ ತೆಗೆಯಿರಿ ಎಂದಳು ಕೌಂಟರಿನ ಹುಡುಗಿ. ಗಂಡ ಬೀಗ ತೆಗೆದು, ಕೈಗೆ ಭಾರವಾಗಿ ಸಿಕ್ಕ ಗಂಟನ್ನು ಎಳೆದು ಕೈಚೀಲಕ್ಕೆ ಹಾಕಿದ. ಆಮೇಲೆ ಗಂಡಸರ ಸಾಲಿನಲ್ಲಿ ತಪಾಸಣೆಯವನು ಅದನ್ನು ಹಿಡಿದ. ಇಷ್ಟುದ್ದದ ಅಲಗನ್ನು ಒಳಗೆ ಬಿಡುವುದಿಲ್ಲ, ಬೇಕಿದ್ದರೆ ವಾಪಸು ಕೌಂಟರಿಗೆ ಹೋಗಿ ಕೊಟ್ಟು ಬನ್ನಿ, ಇಲ್ಲವೇ ಇಲ್ಲಿ ಸಹಿ ಹಾಕಿ ಡಬ್ಬಿಗೆ ಹಾಕಿ ಎಂದ.

"ವಾಪಸು ಹೋಗೋಕೆ ಟೈಮಿತ್ತಾ?"

"ಇತ್ತು ಅನ್ಕೋ. ಆದ್ರೆ ಹಿಂದೆ ಅಷ್ಟುದ್ದ ಸಾಲು... ಎಲ್ಲಾರೂ ನನ್ನೇ ನೋಡ್ತಿದ್ರು. ಹೋಗ್ಲಿ ಬಿಡೇ, ಒಂದು ಕತ್ತರಿ ತಾನೆ? ಹೋಗ್ತಿರೋದು ದೊಡ್ಡ ದೇಶ. ಅಂಗಡಿಗೆ ಹೋದ್ರೆ ನೂರು ಸಿಗುತ್ತೆ."

"ಎಡಗೈದು?"

"ಹುಡುಕಿದ್ರೆ ಏನು ಸಿಗಲ್ಲ..."

ಇಪ್ಪತ್ತೇಳು ವರ್ಷ ಜೊತೆಗೆ ಬಾಳಿದವನಿಗೆ ಇದನ್ನು ಬಿಡಿಸಿ ಹೇಳಬೇಕೇ! ಎಡಗೈಯವರ ಕತ್ತರಿ ಎಂದರೆ ಬಲಗೈ ಕತ್ತರಿಯನ್ನೇ ಎಡಗೈಯಲ್ಲಿ ಹಿಡಿಯುವುದಲ್ಲ. ಅದರ ಅಲಗುಗಳೇ ತಿರುಗುಮುರುಗು. ಬಲಗೈಯದನ್ನು ಎಡಗೈಲಿ ಹಿಡಿದರೆ ಮೇಲಿನ ಅಲಗು ಬಟ್ಟೆಯ ಮೇಲೆ ಎಳೆದ ಸೀಮೆಸುಣ್ಣದ ಗೀಟನ್ನೇ ಮುಚ್ಚಿಬಿಡುತ್ತದೆ. ಒಂದನ್ನೊಂದು ಒತ್ತಬೇಕಾದ ಅಲಗುಗಳು ದೂರ ಸರಿದು, ಬಟ್ಟೆ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ. ಬಟ್ಟೆ ಕತ್ತರಿಸುವ ಕೆಲಸ ಕಲಿಸಿದ ಸೋದರತ್ತೆ ಮೊದಲ ಆರು ತಿಂಗಳು ಮರದ ಅಳತೆಕೋಲಿನಿಂದ ಅವಳ ಎಡಗೈಯ ಗೆಣ್ಣಿಗೆ ಬಾರಿಸಿದ್ದಳು. ಏಳನೆಯ ತಿಂಗಳು, "ನಿನ್ನ ಕೈ ತಿದ್ದೋಕೆ ಆ ಬ್ರಹ್ಮನಿಂದಲೂ ಆಗಲ್ಲ, ಕತ್ತರೀನೇ ತಿದ್ದಿಸೋಣ ಬಾ" ಎಂದು ಕಮ್ಮಾರನ ಬಾಗಿಲಿಗೆ ಹನ್ನೊಂದು ಸಲ ಅಲೆದು ಮಾಡಿಸಿಕೊಟ್ಟ ಕತ್ತರಿ ಅದು. ಅದರಲ್ಲಿ ಕಾಗದ ಕತ್ತರಿಸುವಂತಿರಲಿಲ್ಲ. ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ಎಡಚಿ ಎಂದು ಹಂಗಿಸಿದ ಬೀದಿಯೇ, ಅವಳು ಕತ್ತರಿಸಿದ ಕೋಟು ಮೈಗೆ ಕೂರುವುದನ್ನು ನೋಡಿ, ಅದೇ ಹೆಸರನ್ನು ಬಿರುದಿನಂತೆ ಕರೆಯತೊಡಗಿತ್ತು.

ಅಂಥದೊಂದು ಕೋಟೇ ಈ ಪ್ರಯಾಣಕ್ಕೂ ಕಾರಣ. ಹಳೆಯ ಗಿರಾಕಿಯೊಬ್ಬಳು ಸಮುದ್ರದಾಚೆಯ ದೇಶಕ್ಕೆ ಹೋಗಿ ನೆಲೆಸಿದ್ದಳು. ಅವಳ ಮೈಮೇಲಿನ ಕೋಟನ್ನು ಅಲ್ಲಿನ ಹೊಲಿಗೆಮನೆಯ ಯಜಮಾನಿ ಬೀದಿಯಲ್ಲೇ ನಿಲ್ಲಿಸಿ, ತಿರುಗಿಸಿ ನೋಡಿ, "ಇದನ್ನ ಕತ್ತರಿಸಿದ್ದು ಯಾರು?" ಎಂದು ಕೇಳಿದಳಂತೆ. ಪತ್ರ ಬಂತು, ಕಾಗದಪತ್ರ ಆಯಿತು. ಕೆಲಸ ಅವಳದು, ಕರೆ ಅವಳಿಗೆ. ಅರ್ಜಿಯಲ್ಲಿ ಗಂಡನ ಹೆಸರು ಇದ್ದದ್ದು ‘ಜೊತೆಯಲ್ಲಿ ಬರುವವರು’ ಎಂಬ ಸಾಲಿನಲ್ಲಿ. ಆದರೂ ಪ್ರಯಾಣದ ಯಜಮಾನಿಕೆ ಮಾತ್ರ ಅವನದೇ. ಪಾಸ್‌ಪೋರ್ಟು ಅವನ ಹತ್ತಿರ, ಟಿಕೆಟ್ಟು ಅವನ ಹತ್ತಿರ, ಬೀಗದ ಕೈ ಅವನ ಹತ್ತಿರ. ಮದುವೆಯ ಗಂಡು ತಾನೇ ಎಂಬಂತೆ ಎಲ್ಲ ಕಡೆ ಮುಂದೆ ನಡೆಯುವವನು ಅವನು.

"ಸಹಿ ಹಾಕೋ ಮುಂಚೆ ಓದಿದ್ರಾ?"

"ಏನಿರುತ್ತೆ ಅದರಲ್ಲಿ..."

"‘ಪ್ರಯಾಣಿಕರ ಒಪ್ಪಿಗೆ’ ಅಂತಿದೆ. ಯಾವ ಪ್ರಯಾಣಿಕರು? ಯಾರಾದ್ರೂ ಅಣ್ಣತಮ್ಮಂದಿರ ಜಂಟಿ ಮನೆಗೆ ಒಂದು ನಲ್ಲಿ ಹಾಕಿಸ್ಬೇಕಾದ್ರೆ, ‘ಎಲ್ಲರ ಒಪ್ಪಿಗೆ ಪತ್ರ ತನ್ನಿ, ಇಲ್ದಿದ್ರೆ ಆಗಲ್ಲ’ ಅಂತ ಐದೈದು ಸಲ ಅಲೆಸಿದೋರು ನೀವು. ಒಬ್ಬಳು ಮುದುಕಿ ಬಿಂದಿಗೆ ಹಿಡ್ಕೊಂಡೇ ಬಂದು ಶಾಪ ಹಾಕಿದ್ಲು, ನೀವೇ ಬಂದು ಹೇಳಿ ನಕ್ಕಿದ್ರಿ. ನನ್ನ ಕತ್ತರಿಗೆ ಯಾರನ್ನ ಕೇಳಿದ್ರಿ? ಹೆಂಗಸರ ಸಾಲು ಮುಗಿಸಿ ಹತ್ತು ಹೆಜ್ಜೆ ಆಚೆ ಚಪ್ಪಲಿ ಹಾಕ್ಕೊಂಡು ನಿಂತಿದ್ದೆ ನಾನು! ಒಂದು ಕೂಗು ಹಾಕೋಕೆ ಬಾಯಿಗೆ ಏನಾಗಿತ್ತು?"

ಎದುರು ಸಾಲಿನಲ್ಲಿದ್ದವರು ತಲೆ ಎತ್ತಿ ನೋಡಿದರು. ಗಂಡ ಕೈಸನ್ನೆ ಮಾಡಿದ, ಮೆಲ್ಲಗೆ, ಮೆಲ್ಲಗೆ. ಮೆಲ್ಲಗೆ ಮಾತಾಡುವ ಹೆಂಡತಿ ಸಿಕ್ಕಿದ್ದರಿಂದಲ್ಲವೇ ಇಷ್ಟು ವರ್ಷ ಇವನದು ನಡೆದದ್ದು ಎಂದುಕೊಂಡು ಅವಳು ಆ ಮಾತನ್ನೂ ಜೋರಾಗಿಯೇ ಹೇಳಿದಳು.

ಆಮೇಲೆ ಚೀಟಿಯನ್ನು ಅವನ ಕೈಯಿಂದ ತೆಗೆದು ಮಡಚಿ ರವಿಕೆಯೊಳಗಿಟ್ಟುಕೊಂಡಳು. ಎರಡನೆಯ ವಿಮಾನದಲ್ಲಿ ಗಂಡ ಕಿಟಕಿಯ ಜಾಗ ಬಿಟ್ಟುಕೊಟ್ಟ. ತನ್ನ ತಟ್ಟೆಯ ಸಿಹಿ ಬನ್ನು ಅವಳ ತಟ್ಟೆಗಿಟ್ಟ. ಅವಳು ಅದನ್ನು ತಿಂದಳು; ಸಿಟ್ಟು ಗಂಡನ ಮೇಲೆ, ಬನ್ನಿನ ಮೇಲಲ್ಲ. ಮೋಡದ ಮೇಲೆ ಬಿಸಿಲು ಮುಗಿಯದ ಹಾಗೆ ಹೊಳೆಯುತ್ತಲೇ ಇತ್ತು. ಇವಳ ಎಡಗೈ ಮಡಿಲಲ್ಲಿ ಸುಮ್ಮನೆ ಮುಚ್ಚಿ ತೆರೆಯುತ್ತಿತ್ತು. ಹೊಸ ಜಾಗದಲ್ಲಿ, ಮೊದಲ ದಿನವೇ, ಕತ್ತರಿ ಸರಿಯಿಲ್ಲ ಎಂದರೆ ಯಾರು ನಂಬುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ವಿಮಾನ ಇಳಿದು ಮತ್ತೆ ಮೂರು ಗಂಟೆ ರೈಲು. ಹೊಲಿಗೆಮನೆ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಕೆಳಗೆ ಕೆಲಸ, ಮೇಲೆ ಇವರಿಗೆ ಒಂದು ಕೋಣೆ. ಯಜಮಾನಿ ಮೂವತ್ತು ವರ್ಷದ ಹಿಂದೆ ಇದೇ ದಾರಿ ತುಳಿದು ಬಂದವಳು, ಇವರದೇ ಮಾತು ಆಡುವವಳು, ಮಾತಿಗಿಂತ ಕಣ್ಣಿನಿಂದಲೇ ಹೆಚ್ಚು ಅಳೆಯುವವಳು. "ಇವತ್ತು ಮಲಗಿ. ನಾಳೆ ಎಂಟಕ್ಕೆ ಮೇಜಿನ ಹತ್ತಿರ ಬಾ" ಎಂದು ಬೀಗದ ಕೈಯನ್ನು ಎಡಚಿಯ ಕೈಗೇ ಕೊಟ್ಟು ಹೋದಳು.

ಸೂಟ್‌ಕೇಸು ಬಿಚ್ಚಿದವಳು ಎಡಚಿಯೇ. ಸ್ವೆಟರುಗಳ ಒಳಗೆ, ಕತ್ತರಿ ಇದ್ದ ಗುಳಿಯ ಪಕ್ಕದಲ್ಲೇ, ಗಂಡನ ಉಣ್ಣೆಯ ಮಫ್ಲರಿನಲ್ಲಿ ಸುತ್ತಿದ ಗಟ್ಟಿ ವಸ್ತು ಕೈಗೆ ತಗುಲಿತು. ಬಿಚ್ಚಿದಳು. ಕಪ್ಪು ಕಲ್ಲಿನ ಮೇಲೆ ಹಿತ್ತಾಳೆಯ ತಗಡು. ‘ಮೂವತ್ತೊಂದು ವರ್ಷಗಳ ನಿಸ್ಪೃಹ ಸೇವೆಗಾಗಿ.’ ನಾದಿನಿಯ ಮನೆಯಲ್ಲಿ ಬಿಟ್ಟು ಬನ್ನಿ ಎಂದು ಇವಳು ಹೇಳಿ, ಆಯಿತು ಎಂದು ಅವನು ತಲೆಯಾಡಿಸಿದ್ದ ಫಲಕ.

ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಗಂಡ ಬೂಟಿನ ದಾರ ಬಿಚ್ಚುವುದನ್ನು ನಿಲ್ಲಿಸಿದ.

"ಇದೆಷ್ಟು ತೂಕ?" ಎಂದಳು.

"ಲೇ..."

"ತೂಕ ಎಷ್ಟು ಅಂದೆ."

"ಎರಡು ಕಿಲೋ ಇರ್ಬೇಕು." ಗಂಡನೇ ಮುಂದುವರಿಸಿದ, "ನಿನಗೆ ಇಲ್ಲಿ ಕೆಲಸ ಇದೆ. ನನಗೆ ಏನಿದೆ ಹೇಳು? ನಾನು ಯಾರು ಅಂತ ಯಾರಾದ್ರೂ ಕೇಳಿದ್ರೆ ತೋರ್ಸೋಕೆ ಇದೊಂದೇ ಕಣೇ ಇರೋದು."

ಅದು ಅವಳಿಗೆ ಅರ್ಥವಾಗದ್ದೇನಲ್ಲ. ಅರ್ಥವಾಯಿತೆಂದು ಸಿಟ್ಟು ಇಳಿಯಬೇಕೆಂದು ಯಾವ ಕಾನೂನೂ ಇಲ್ಲ. ಎರಡರಲ್ಲಿ ಒಂದು ಹೊರಗೆ ಹೋಗಬೇಕಾಗಿ ಬಂದಾಗ ಅವನ ಕೈ ಒಂದು ಚಣವೂ ತಡೆಯಲಿಲ್ಲವಲ್ಲ! ಫಲಕವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಳು.

ಬೆಳಿಗ್ಗೆ ಎಂಟಕ್ಕೆ ಕತ್ತರಿಸುವ ಮೇಜಿನ ಮೇಲೆ ಕೋಟಿನ ಒಳಮೈಗೆ ಹಾಕುವ ಕಡುನೀಲಿ ಅಸ್ತರು ಬಟ್ಟೆ ಹಾಸಿತ್ತು. ಪಕ್ಕದ ಸ್ಟೂಲಿನ ಮೇಲೆ ಗುಂಡಿಗಳ ಡಬ್ಬಿ ಇತ್ತು. ಗಂಡ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು ಹಿಂದೆಯೇ ಇಳಿದು ಬಂದಿದ್ದ.

"ಮಧ್ಯಾಹ್ನದೊಳಗೆ ಎರಡು ಕೋಟಿನ ಅಸ್ತರು" ಎಂದಳು ಯಜಮಾನಿ. "ಜಾರೋ ಬಟ್ಟೆ. ಬೇಕೂಂತಲೇ ಇದನ್ನ ಕೊಟ್ಟಿದೀನಿ. ಕೈ ಸರಿ ಬಂದ್ರೆ ಈ ಮೇಜು ನಿಂದು. ಇಲ್ದಿದ್ರೆ ಬೇಜಾರಿಲ್ಲ, ಗುಂಡಿ ಹಾಕೋ ಕಡೆ ಕೂತ್ಕೊಳ್ಳುವಿಯಂತೆ. ಎಲ್ಲಿ, ಆ ಎಡಗೈ ಕತ್ತರಿ? ಕೋಟು ನೋಡಿದಾಗಿಂದ ಅದನ್ನ ನೋಡ್ಬೇಕೂಂತಿದೀನಿ."

ಎಂದಿನಂತೆ ಗಂಡನೇ ಮುಂದೆ ಬಂದ. "ಏನು ಹೇಳೋದು ಅಮ್ಮಾ, ಏರ್‌ಪೋರ್ಟಿನವರು ಕಿತ್ಕೊಂಡ್ಬಿಟ್ರು. ಎಷ್ಟು ಕೇಳ್ಕೊಂಡ್ರೂ..."

"ಯಾರೂ ಕಿತ್ಕೊಂಡಿಲ್ಲ."

ಎಡಚಿ ರವಿಕೆಯೊಳಗಿಂದ ಹಳದಿ ಚೀಟಿ ತೆಗೆದು ಮೇಜಿನ ಮೇಲೆ, ನೀಲಿ ಬಟ್ಟೆಗೆ ತಾಗದಂತೆ, ಇಟ್ಟಳು. "ನೀವು ಕೊಟ್ಟಿದ್ದು. ಓದಿ ಹೇಳಿ ಅವರಿಗೆ. ಸಹಿ ಯಾರದು ಅಂತಲೂ ಹೇಳಿ."

ಹೊಲಿಗೆಯ ಯಂತ್ರಗಳ ಹಿಂದೆ ಕೂತಿದ್ದ ಇಬ್ಬರು ಹೆಂಗಸರು ಕಾಲು ನಿಲ್ಲಿಸಿದರು. ಗಂಡ ಯಜಮಾನಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಯಾರೂ ಕೈ ಹಿಡಿದು ದಾಟಿಸುವಂತೆ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಓದಿದ. "ಕತ್ತರಿ, ಒಂದು. ಪ್ರಯಾಣಿಕರ..." ಅಲ್ಲಿಗೆ ದನಿ ಇಳಿಯಿತು. "ಸಹಿ ನಂದು. ಇವಳನ್ನ ಕೇಳಿರಲಿಲ್ಲ."

ಯಜಮಾನಿ ಗೋಡೆಯ ಮೊಳೆಯಿಂದ ಒಂದು ಕತ್ತರಿ ತೆಗೆದು ಎಡಚಿಯ ಮುಂದಿಟ್ಟಳು. "ಇರೋದು ಬಲಗೈದು. ಹೊತ್ತು ಮಾತ್ರ ಅದೇ, ಮಧ್ಯಾಹ್ನದೊಳಗೆ."

ಎಡಚಿ ಅದನ್ನು ಎಡಗೈಗೆ ತೆಗೆದುಕೊಂಡು ಚೂರು ಬಟ್ಟೆಯ ಮೇಲೆ ಎಳೆದು ನೋಡಿದಳು. ನೆನೆಸಿದ ಹಾಗೇ ಆಯಿತು. ಬಟ್ಟೆ ಅಲಗಿನ ನಡುವೆ ಮಡಚಿ ನಿಂತಿತು. ಗೀಟು ಕಾಣಲಿಲ್ಲ. ಹೆಬ್ಬೆರಳನ್ನು ಒಳಗೆ ಎಳೆದು, ಉಳಿದ ಬೆರಳುಗಳನ್ನು ಹೊರಗೆ ತಳ್ಳಿ, ಅಲಗುಗಳನ್ನು ಬಲವಂತವಾಗಿ ಒಂದಕ್ಕೊಂದು ಒತ್ತಿ ಹಿಡಿದಳು. ಆಗ ಕತ್ತರಿಸಿತು, ಆದರೆ ಮುಂದೆ ಸಾಗಿದಂತೆ ಬಟ್ಟೆಯನ್ನೇ ನೂಕಿಕೊಂಡು ಹೋಯಿತು. ಮೇಜಿನ ಮೇಲೆ ತೂಕಕ್ಕೆಂದು ಇದ್ದ ಸಣ್ಣ ಕಬ್ಬಿಣದ ಬಿಲ್ಲೆಗಳು ಆ ನೂಕಿಗೆ ಜಾರಿದವು. ಹಣೆಯಲ್ಲಿ ಬೆವರು ಬಂತು. ಗುಂಡಿಯ ಡಬ್ಬಿ ಅಲ್ಲೇ ಇತ್ತು.

"ರೀ," ಎಂದಳು. "ಮೇಲಿಂದ ಆ ಫಲಕ ತನ್ನಿ."

"ಯಾವ... ಯಾಕೆ?"

"ತನ್ನಿ."

ಗಂಡ ತಂದ. ಎರಡೂ ಕೈಯಲ್ಲಿ, ಎದೆಗೆ ಆನಿಸಿಕೊಂಡು, ಮೆಟ್ಟಿಲು ನೋಡಿ ನೋಡಿ ಇಳಿದ. ಎಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದ ಖಾಲಿ ಫ್ಲಾನೆಲ್ ಚೀಲವನ್ನು ಅಸ್ತರಿನ ಮೇಲೆ ಹಾಸಿದಳು. ಫಲಕವನ್ನು ಅವನ ಕೈಯಿಂದ ತೆಗೆದುಕೊಂಡು, ಅಕ್ಷರಗಳ ಮಗ್ಗುಲು ಕೆಳಗಾಗಿ, ಅದರ ಮೇಲಿಟ್ಟಳು. ಕಲ್ಲಿನ ಬೆನ್ನು ಮೇಲೆ ಬಂತು. ಬಟ್ಟೆಯನ್ನು ಎಳೆದು ನೋಡಿದಳು. ಅಲುಗಲಿಲ್ಲ.

"ಒತ್ತಿ ಹಿಡ್ಕೊಳ್ಳಿ."

ಅವನು ಕಲ್ಲಿನ ಮೇಲೆ ಎರಡೂ ಅಂಗೈ ಇಟ್ಟು ಒತ್ತಿದ. ಅವಳು ಮೇಜಿನ ಆಚೆ ಬದಿಗೆ ಹೋಗಿ, ಎಲ್ಲರೂ ಮುಗಿಸುವ ತುದಿಯಿಂದ ಶುರು ಮಾಡಿದಳು. ಹಾಗೆ ಬಗ್ಗಿ ನಿಂತರೆ ಅಲಗಿನ ಮೇಲಿಂದ ಗೀಟು ಕೂದಲೆಳೆಯಷ್ಟು ಕಾಣುತ್ತಿತ್ತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಲಿಯತೊಡಗಿತು. ನಿಲ್ಲಿಸಲಿಲ್ಲ. ತೋಳು ಕೂರಿಸುವ ಕಂಕುಳಿನ ತಿರುವಿನಲ್ಲಿ ಅಲಗು ಗಂಡನ ಬೆರಳುಗಳ ಪಕ್ಕದಲ್ಲೇ ಹಾದುಹೋಯಿತು. ಅವನು ಕೈ ತೆಗೆಯಲಿಲ್ಲ.

ಮೊದಲ ತುಂಡನ್ನು ಯಜಮಾನಿ ಬೆಳಕಿಗೆ ಹಿಡಿದಳು. ಅಂಚಿನುದ್ದಕ್ಕೂ ಉಗುರು ಆಡಿಸಿದಳು. ಅದನ್ನು ಮಡಚಿಟ್ಟು, ಸ್ಟೂಲಿನ ಮೇಲಿದ್ದ ಗುಂಡಿಯ ಡಬ್ಬಿಯನ್ನು ಎತ್ತಿಕೊಂಡು ಯಂತ್ರಗಳ ಕಡೆ ನಡೆದಳು.

ಇನ್ನೂ ಏಳು ತುಂಡು ಬಾಕಿ ಇದ್ದವು. ಎಡಚಿ ಬಟ್ಟೆ ಸರಿಸಿ ಮುಂದಿನ ಗೀಟಿನ ಮೇಲೆ ಬಗ್ಗಿದಳು. ಗಂಡ ಫಲಕವನ್ನು ಎತ್ತಿ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

"ಎಲ್ಲಿಡ್ಲಿ?" ಎಂದು ಕೇಳಿದ.

ಅವಳು ತಲೆ ಎತ್ತಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೀಲಿ ಬಟ್ಟೆಯ ಮೇಲೆ ಒಂದು ಸಣ್ಣ ಅಡ್ಡಗೀಟು ಎಳೆದಳು.